ಕ್ರಿಸ್ಮಸ್ ಕ್ಯಾಕ್ಟಸ್ ಇದೆಯಾ? ದಯವಿಟ್ಟು ಬಿಸಿಲಿಗೆ ಇಡಬೇಡಿ

ಪುಣೆಯಲ್ಲಿ ಈ ಗಿಡ ಸಾಕುತ್ತಿರುವವರು ಬೇಸಿಗೆ ಏರುವ ಮೊದಲೇ ಇದನ್ನು ಓದಿ. ನಾಲ್ಕು ವರ್ಷ ಬೆಳೆಸಿದ ಗಿಡವನ್ನು ಕಳೆದ ಬೇಸಿಗೆಯಲ್ಲಿ ಕೈಯಾರೆ ಕಳೆದುಕೊಂಡೆ.

ಧಾರವಾಡದಿಂದ ಅಕ್ಕ ಕೊಟ್ಟಿದ್ದ ತುಂಡು ಅದು. ಹಳೆ ಮನೆಯ ಕಿಟಕಿಯೊಳಗೆ ಇತ್ತು. ಡಿಸೆಂಬರ್ ಬಂದರೆ ತುದಿ ತುದಿಗೂ ಗುಲಾಬಿ ಬಣ್ಣದ ಹೂ. ಮಾರ್ಚ್‌ನಲ್ಲಿ ಪುಣೆಯ ಕೋಥ್ರೂಡ್‌ಗೆ ಮನೆ ಬದಲಾಯಿಸಿದೆವು. ಎಲ್ಲಿ ಇಡಲಿ ಅಂತ ನರ್ಸರಿಯಲ್ಲಿ ಕೇಳಿದರೆ, “ಕ್ಯಾಕ್ಟಸ್ ಆಹೇ, ಉನ್ಹಾತ್ ಠೇವಾ” ಅಂದರು. ಬಿಸಿಲಲ್ಲಿಡಿ ಅಂತ. ಕಳ್ಳಿ ಜಾತಿ ಅಲ್ವಾ, ನಂಬಿದೆ. ಪಶ್ಚಿಮದ ಬಾಲ್ಕನಿಯಲ್ಲಿಟ್ಟೆ.

ಹೆಸರು ಕ್ಯಾಕ್ಟಸ್ ಆದರೂ ಇದು ಮರಳುಗಾಡಿನದ್ದಲ್ಲ. ಬ್ರೆಜಿಲ್‌ನ ಆಗ್ನೇಯ ಕರಾವಳಿಯ ಬೆಟ್ಟದ ಕಾಡುಗಳದ್ದು. ನಮ್ಮ ಮಲೆನಾಡಿನ ಸೀತಾಳೆ ದಂಡೆ ಮರದ ಮೇಲೆ ಬೆಳೆಯುತ್ತಲ್ಲ, ಹಾಗೆ ಕೊಂಬೆಗಳ ಮೇಲೆ, ಬಂಡೆ ಸಂದಿಯಲ್ಲಿ ಬೆಳೆಯುತ್ತದೆ. ಅದಕ್ಕೆ ನೆರಳು ಬೇಕು, ಗಾಳಿಯಲ್ಲಿ ತೇವ ಬೇಕು. ಏಪ್ರಿಲ್‌ನ ಪುಣೆಯಲ್ಲಿ ಮಧ್ಯಾಹ್ನ 40 ಡಿಗ್ರಿ ಹತ್ತಿರ, ಒಣ ಗಾಳಿ. ಹತ್ತೇ ದಿನಕ್ಕೆ ಹಸಿರು ಕಾಂಡ ಕೆಂಪಗಾಗಿ, ಸುಕ್ಕುಗಟ್ಟಿ, ಜೋತು ಬಿತ್ತು.

ಆಗಲೇ ಒಳಗೆ ತಂದಿದ್ದರೆ ಉಳಿಯುತ್ತಿತ್ತೇನೋ. ಬಾಯಾರಿದೆ ಅಂದುಕೊಂಡು ಬೆಳಿಗ್ಗೆ, ಸಂಜೆ ನೀರು ಹೊಯ್ದೆ. ಕೆಳಗಿನ ತಟ್ಟೆಯಲ್ಲಿ ನೀರು ನಿಂತೇ ಇರುತ್ತಿತ್ತು. ಗಿಡ ಇನ್ನೂ ಬಾಡಿತು, ನಾನು ಇನ್ನೂ ಜಾಸ್ತಿ ಹಾಕಿದೆ. ಬೇರು ಕೊಳೆತಾಗಲೂ ನೀರು ಎಳೆಯಲಾರದೆ ಗಿಡ ಹೀಗೇ ಬಾಡುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಬುಡ ಮೆತ್ತಗಾದ ದಿನ ಕುಂಡ ಬಗ್ಗಿಸಿ ನೋಡಿದೆ. ಕಪ್ಪು ಬೇರು, ಕೊಳೆತ ವಾಸನೆ. ಅಳುವೇ ಬಂತು.

ಆದ್ದರಿಂದ ಬಾಡಿದ ಕೂಡಲೇ ಸುಮ್ನೆ ನೀರು ಸುರಿಯಬೇಡಿ. ಮೊದಲು ಮಣ್ಣಿಗೆ ಬೆರಳು ಇಳಿಸಿ ನೋಡಿ. ಮೇಲಿನ ಒಂದು ಅಂಗುಲ ಒಣಗಿದ್ದರೆ ಮಾತ್ರ ಹಾಕಿ, ತಟ್ಟೆಗಿಳಿದ ನೀರು ಚೆಲ್ಲಿ. ಬೆಳಗಿನ ಎಳೆಬಿಸಿಲು ಬರುವ ಪೂರ್ವದ ಕಿಟಕಿ ಸಾಕು. ಜೂನ್‌ನಲ್ಲಿ ಮಳೆ ಹಿಡಿದ ಮೇಲೂ ಹೊರಗೆ ನೆನೆಯಲು ಬಿಡಬೇಡಿ.

ತುದಿಯಲ್ಲಿ ಇನ್ನೂ ಗಟ್ಟಿಯಿದ್ದ ಐದು ತುಂಡುಗಳನ್ನು ಗಿಣ್ಣಿನಲ್ಲಿ ತಿರುಚಿ ಮುರಿದುಕೊಂಡೆ. ಎರಡು ದಿನ ನೆರಳಲ್ಲಿ ಆರಲು ಬಿಟ್ಟು, ಕೋಕೋಪೀಟ್‌ಗೆ (ತೆಂಗಿನ ನಾರಿನ ಪುಡಿ) ಪರ್ಲೈಟ್ (ನೀರು ಬಸಿಯಲು ಹಾಕುವ ಹಗುರ ಬಿಳಿ ಹರಳು) ಬೆರೆಸಿ ನೆಟ್ಟೆ. ಎರಡು ಬೇರು ಬಿಟ್ಟವು. ಕಳೆದ ಡಿಸೆಂಬರ್‌ನಲ್ಲಿ ಒಂದೂ ಹೂವಿಲ್ಲ. ಎರಡೂ ಈಗ ಅಡುಗೆಮನೆಯ ಕಿಟಕಿಯ ಒಳಗೇ ಇವೆ, ಮೊನ್ನೆ ಒಂದರಲ್ಲಿ ಹೊಸ ಚಿಗುರು ಕಂಡಿತು.