ರಿಯಾದ್‌ನ ಮಸ್ಮಕ್ ಕೋಟೆಯ ಗೈಡ್ ಟೂರ್: ಕೊಟ್ಟ ದುಡ್ಡಿಗೆ ಮೋಸ ಇಲ್ಲ

ಬಾಗಿಲ ಹತ್ತಿರವೇ ಗೈಡ್ ನಮ್ಮನ್ನು ಕಾಲು ಗಂಟೆ ನಿಲ್ಲಿಸಿದರು. ಅದಕ್ಕೆ ಕಾರಣವೂ ಇತ್ತು. 1902ರ ಜನವರಿಯಲ್ಲಿ, ಮುಂದೆ ಸೌದಿ ಅರೇಬಿಯಾದ ಮೊದಲ ರಾಜರಾದ ಅಬ್ದುಲ್ ಅಜೀಜ್ ಸಣ್ಣ ಗುಂಪು ಕಟ್ಟಿಕೊಂಡು ಬಂದು, ಅಲ್ ರಶೀದ್ ಮನೆತನದ ಕೈಯಿಂದ ಊರನ್ನು ಕಿತ್ತುಕೊಂಡದ್ದು ಇಲ್ಲೇ. ಆ ದಿನ ಎಸೆದ ಈಟಿಯ ತುದಿ ಇನ್ನೂ ಆ ಬಾಗಿಲ ಮರದಲ್ಲೇ ಸಿಕ್ಕಿಕೊಂಡಿದೆ! ಗೈಡ್ ಅದನ್ನು ತೋರಿಸಿದಾಗ ಮೈ ಜುಮ್ಮೆಂದಿತು.

ಒಳಗೆ ದಪ್ಪ ಮಣ್ಣಿನ ಗೋಡೆ, ಹಳೆ ಫೋಟೋಗಳು. 1932ರಲ್ಲಿ ಸೌದಿ ಅರೇಬಿಯಾ ಎಂಬ ಹೆಸರು ಬಂತು. ಅಬ್ದುಲ್ ಅಜೀಜ್ ನಂತರದ ಆರು ರಾಜರೂ, ಸೌದ್‌ನಿಂದ ಸಲ್ಮಾನ್‌ವರೆಗೆ, ಅವರ ಮಕ್ಕಳೇ. ಇದನ್ನು ಗೈಡ್ ಚೆನ್ನಾಗಿ ಬಿಡಿಸಿ ಹೇಳಿದರು.

ಒಂದೇ ಬೇಸರ. 1818ರಲ್ಲಿ ನಾಶವಾದ, ರಿಯಾದ್ ಪಕ್ಕದ ದಿರಿಯಾ ಊರಿನ ಬಗ್ಗೆ ಎರಡೇ ಮಾತು ಹೇಳಿ ಮುಗಿಸಿದರು. ಅಬ್ದುಲ್ ಅಜೀಜ್ ಅವರ ಸೌದ್ ಮನೆತನದ ಮೂಲ ಊರು ಅದೇ ಅಲ್ವಾ?