ಮಗುವಿಗೆ ಜ್ವರ ಇದೆ ಅಂತ ನ್ಯಾನಿಗೆ ಹೇಳದೆ ಆಫೀಸಿಗೆ ಹೋಗಿದ್ದೆ

ಇದನ್ನು ಬರೆಯೋಕೆ ನನಗೆ ಎರಡು ತಿಂಗಳು ಹಿಡಿಯಿತು. ತಪ್ಪು ಬೇರೆಯವರದಾಗಿದ್ದರೆ ಅವತ್ತೇ ರಾತ್ರಿ ಕೂತು ಬರೆದುಬಿಡುತ್ತಿದ್ದೆ. ಇಲ್ಲಿ ತಪ್ಪು ನನ್ನದು, ಅದಕ್ಕೇ ಇಷ್ಟು ತಡ.

ಒಂದು ಭಾನುವಾರ ರಾತ್ರಿ ಮಗನ ಮೈ ಬಿಸಿ ಅನ್ನಿಸಿತು. ಅವನಿಗೆ ಎರಡೂವರೆ ವರ್ಷ. ಥರ್ಮಾಮೀಟರ್ ಇಟ್ಟರೆ 101 ಡಿಗ್ರಿ ಫ್ಯಾರನ್‌ಹೀಟ್. ಮೂಗು ಸೋರುತ್ತಿರಲಿಲ್ಲ, ಕೆಮ್ಮೂ ಇಲ್ಲ. ನಿದ್ದೆಗೆ ಜಾರುತ್ತಿದ್ದ, ಮಲಗಲಿ ಅಂತ ಬಿಟ್ಟೆ. ಮಾರನೇ ದಿನ ನನಗೆ ತಪ್ಪಿಸಲಾಗದ ಮೀಟಿಂಗ್ ಇತ್ತು. ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. (ತಪ್ಪಿಸಲಾಗದ್ದು ಅಂತ ಅವತ್ತು ಅಂದುಕೊಂಡಿದ್ದೆ. ಅಲ್ಲಿ ಏನು ತೀರ್ಮಾನ ಆಯಿತು ಅಂತ ಈಗ ಕೇಳಿದರೆ ನನಗೆ ಹೇಳೋಕೆ ಬರಲ್ಲ.)

ಬೆಳಿಗ್ಗೆ ಏಳಕ್ಕೆ 6 ಎಂ.ಎಲ್. ಪ್ಯಾರಸಿಟಮಾಲ್ ಸಿರಪ್ ಕುಡಿಸಿದೆ. ಎಂಟಕ್ಕೆ ನ್ಯಾನಿ ಬರುವ ಹೊತ್ತಿಗೆ ಜ್ವರ ಇಳಿದಿತ್ತು, ಇವನು ಆಟದ ಕಾರು ಹಿಡಿದು ಮನೆಯೆಲ್ಲ ಓಡಾಡುತ್ತಿದ್ದ. ಅವರು ಅವನನ್ನು ಎತ್ತಿಕೊಂಡು ಹಣೆ ಮುಟ್ಟಿ ನೋಡಿದರು. "ಏನೂ ಇಲ್ಲ, ರಾತ್ರಿ ಸ್ವಲ್ಪ ನಿದ್ದೆ ಕಮ್ಮಿ ಆಗಿದೆ ಅಷ್ಟೇ" ಅಂದೆ. ಸುಳ್ಳು ಹೇಳುವಾಗ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ, ಮುಖ ನೋಡಲಿಲ್ಲ.

ಯಾಕೆ ಹೇಳಲಿಲ್ಲ? ಹೇಳಿದ್ದರೆ ಅವರು "ಹಾಗಾದ್ರೆ ಇವತ್ತು ನೀವೇ ಇರಿ ಮೇಡಂ" ಅಂತ ಹೇಳಿಬಿಟ್ಟಾರು ಅನ್ನೋ ಭಯ. ಅವರಿಗೂ ಮನೆಯಲ್ಲಿ ಇಬ್ಬರು ಮಕ್ಕಳು. ಇನ್ನೊಂದು ವಿಷಯ ನನಗೆ ಹೊಳೆದದ್ದು ಆಮೇಲೆ. ಬೆಳಿಗ್ಗೆ ಔಷಧಿ ಕೊಟ್ಟಿದ್ದೀನಿ ಅಂದರೆ ಜ್ವರ ಇತ್ತು ಅಂತ ಒಪ್ಪಿಕೊಂಡ ಹಾಗೆ. ಹಾಗಾಗಿ ಔಷಧಿಯ ವಿಷಯವನ್ನೂ ಮುಚ್ಚಿಟ್ಟೆ. ಒಂದು ಸುಳ್ಳಿನ ಜೊತೆ ಇನ್ನೊಂದು ತಾನಾಗೇ ಬಂತು.

ಫ್ರಿಜ್ಜಿನ ಬಾಗಿಲ ಮೇಲೆ ನಾನೇ ಅಂಟಿಸಿದ್ದ ಒಂದು ಹಳದಿ ಚೀಟಿ ಇತ್ತು. ಐದಾರು ತಿಂಗಳ ಹಿಂದಿನದು, ಮೂಲೆ ಮುದುರಿತ್ತು. ಅದರಲ್ಲಿ ನನ್ನದೇ ಕೈಬರಹದಲ್ಲಿ "ಜ್ವರ ಬಂದ್ರೆ ಪ್ಯಾರಸಿಟಮಾಲ್ 6 ಎಂ.ಎಲ್." ಅಂತ ಇತ್ತು. ಅಷ್ಟೇ. ಯಾವ ಬಾಟಲಿ, ಎಷ್ಟು ಗಂಟೆಗೊಮ್ಮೆ, ದಿನಕ್ಕೆ ಎಷ್ಟು ಸಲ, ಏನೂ ಇಲ್ಲ.

ಔಷಧಿ ಡಬ್ಬಿಯಲ್ಲಿ ಎರಡು ಬಾಟಲಿ ಇದ್ದವು. ಒಂದು ಮಗನದು, 5 ಎಂ.ಎಲ್.ಗೆ 120 ಮಿಲಿಗ್ರಾಂ. ಇನ್ನೊಂದು ಏಳು ವರ್ಷದ ಮಗಳದು, 5 ಎಂ.ಎಲ್.ಗೆ 250 ಮಿಲಿಗ್ರಾಂ. ಎರಡೂ ಒಂದೇ ಕಂಪನಿಯವು, ಒಂದೇ ಬಣ್ಣದ ಲೇಬಲ್, ಒಂದೇ ಎತ್ತರ. ವ್ಯತ್ಯಾಸ ಇರೋದು ಆ ಅಂಕಿಯಲ್ಲಿ ಮಾತ್ರ, ಅದೂ ಸಣ್ಣ ಅಕ್ಷರದಲ್ಲಿ. ಬೆಳಿಗ್ಗೆ ಅವಸರದಲ್ಲಿ ಮಗನ ಬಾಟಲಿಯನ್ನು ಬೆಡ್‌ರೂಮಿನಲ್ಲೇ ಬಿಟ್ಟು ಬಂದಿದ್ದೆ. ಡಬ್ಬಿಯಲ್ಲಿ ಉಳಿದದ್ದು ಮಗಳದು.

ಹತ್ತೂವರೆಗೆ ಜ್ವರ ಮತ್ತೆ ಏರಿತು. ನ್ಯಾನಿ ನನಗೆ ಎರಡು ಸಲ ಫೋನ್ ಮಾಡಿದರು. ಫೋನ್ ಸೈಲೆಂಟಲ್ಲಿತ್ತು. ಚೀಟಿ ನೋಡಿದರು, ಡಬ್ಬಿ ತೆಗೆದರು, 6 ಎಂ.ಎಲ್. ಅಳೆದು ಕೊಟ್ಟರು. ಎರಡು ಗಂಟೆಗೆ ಮೈ ಸುಡುತ್ತಿತ್ತು, ಇನ್ನೊಂದು ಸಲ ಕೊಟ್ಟರು. ಚೀಟಿಯಲ್ಲಿ ಏನು ಬರೆದಿತ್ತೋ ಅದನ್ನೇ ಮಾಡಿದರು. ಈ ಕಥೆ ಕೇಳಿದವರೆಲ್ಲ ಮೊದಲು ಹೇಳೋದು "ಲೇಬಲ್ ಓದೋದು ಬೇಡವಾ ಅವರು?" ಅಂತ. ಓದಿದರು. ಪ್ಯಾರಸಿಟಮಾಲ್ ಅಂತಲೇ ಇತ್ತು.

ಎರಡೂಕಾಲಿಗೆ ನಾನು ಫೋನ್ ನೋಡಿದೆ. ಐದು ಮಿಸ್ಡ್ ಕಾಲ್. ವಾಪಸ್ ಮಾಡಿದರೆ, "ಮೇಡಂ, ಮಗು ಮಂಕಾಗಿದೆ, ಕೂಗಿದ್ರೆ ಕಣ್ಣು ಬಿಟ್ಟು ಮತ್ತೆ ಮಲಗ್ತಾನೆ. ಬೇಗ ಬನ್ನಿ."

ಕ್ಲಿನಿಕ್‌ನಲ್ಲಿ ಡಾಕ್ಟರ್ ಮೊದಲು ಕೇಳಿದ್ದು ಎಷ್ಟು ಔಷಧಿ ಕೊಟ್ಟಿದ್ದೀರಿ ಅಂತ. ನಾನು ನನ್ನ ಲೆಕ್ಕ ಹೇಳಿದೆ, ನ್ಯಾನಿ ಅವರ ಲೆಕ್ಕ ಹೇಳಿದರು. ಇಬ್ಬರ ಲೆಕ್ಕವೂ ಒಂದೇ ಕಡೆ ಸೇರಿದ್ದು ಅವತ್ತು ಅದೇ ಮೊದಲು. ಡಾಕ್ಟರ್ ಬಾಟಲಿಯ ಲೇಬಲ್ ನೋಡಿ ಚೀಟಿಯ ಹಿಂದೆ ಕೂಡಿದರು. ನಾನು ಕೊಟ್ಟದ್ದು 144 ಮಿಲಿಗ್ರಾಂ. ಅವರು ಕೊಟ್ಟದ್ದು 300, ಇನ್ನೊಂದು 300. ಏಳು ಗಂಟೆಯಲ್ಲಿ ಒಟ್ಟು 744. ಮಗನ ತೂಕ 12 ಕೆ.ಜಿ. ಅಂದರೆ ಕೆ.ಜಿ.ಗೆ 62 ಮಿಲಿಗ್ರಾಂ. ಒಂದು ಸಲಕ್ಕೆ ಕೆ.ಜಿ.ಗೆ 10ರಿಂದ 15, ಇಡೀ ದಿನಕ್ಕೆ 60ರ ಒಳಗೆ, ಒಂದು ಡೋಸ್‌ನಿಂದ ಇನ್ನೊಂದಕ್ಕೆ ಕಡೇಪಕ್ಷ ನಾಲ್ಕು ಗಂಟೆ ಅನ್ನೋದು ಅವರು ಹೇಳಿದ ಲೆಕ್ಕ. ಇಡೀ ದಿನದ್ದನ್ನು ಮಧ್ಯಾಹ್ನದ ಒಳಗೇ ಮುಗಿಸಿದ್ದೆವು. "ಲಿವರ್‌ಗೆ ಪೆಟ್ಟು ಬೀಳೋ ಮಟ್ಟಕ್ಕೆ ಹೋಗಿಲ್ಲ. ಆದರೆ ನಾಳೆ ಬೆಳಿಗ್ಗೆವರೆಗೂ ಒಂದು ಹನಿ ಕೊಡಬೇಡಿ, ವಾಂತಿ ಶುರುವಾದರೆ ತಕ್ಷಣ ಬನ್ನಿ" ಅಂದರು. ಸಂಜೆ ಇನ್ನೊಂದು ಡೋಸ್ ಬಿದ್ದಿದ್ದರೆ, ರಾತ್ರಿ ನಾನೂ ಒಂದು ಕೊಟ್ಟಿದ್ದರೆ? ಖಂಡಿತ ಕೊಡುತ್ತಿದ್ದೆ.

ಆಮೇಲೆ ಅವನ ಅಂಗಿ ಎತ್ತಿದರು. ಎದೆ ಮೇಲೆ ನಾಲ್ಕೈದು ಕೆಂಪು ಚುಕ್ಕೆ. ಅವುಗಳಲ್ಲಿ ಎರಡರ ತುದಿಯಲ್ಲಿ ನೀರು ತುಂಬಿತ್ತು. ಬೆಳಿಗ್ಗೆ ಬಟ್ಟೆ ಬದಲಾಯಿಸುವಾಗ ಇದ್ದವೋ ಇಲ್ಲವೋ, ನಾನು ನೋಡಿರಲಿಲ್ಲ.

ಚಿಕನ್‌ಪಾಕ್ಸ್. ಲಸಿಕೆ ಹಾಕಿಸೋದನ್ನು ಇವತ್ತು ನಾಳೆ ಅಂತ ಮುಂದೂಡುತ್ತಾ ಬಂದಿದ್ದೆವು, ಅದು ಬೇರೆ ಕಥೆ. "ಐಬುಪ್ರೊಫೆನ್ ಕೊಟ್ಟಿಲ್ಲ ತಾನೇ?" ಅಂತ ಡಾಕ್ಟರ್ ಎರಡು ಸಲ ಕೇಳಿದರು. ಅದೂ ಜ್ವರ, ನೋವಿಗೆ ಕೊಡೋ ಔಷಧಿಯೇ, ಆದರೆ ಚಿಕನ್‌ಪಾಕ್ಸ್ ಇರುವಾಗ ಕೊಡಬಾರದಂತೆ, ಆಸ್ಪಿರಿನ್ ಅಂತೂ ಮಕ್ಕಳಿಗೆ ಮುಟ್ಟಿಸಲೇಬಾರದು. ನಮ್ಮ ಡಬ್ಬಿಯಲ್ಲಿ ಐಬುಪ್ರೊಫೆನ್ ಕೂಡ ಇತ್ತು. ಚೀಟಿಯಲ್ಲಿ ಅದರ ಹೆಸರು ಇರಲಿಲ್ಲ, ಬಚಾವ್.

ಇಲ್ಲಿಗೆ ಮುಗಿದಿದ್ದರೆ ಬಹುಶಃ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಬಾಟಲಿ ನೋಡಿ ಕೊಡಿ ಅಂತ ನಾಲ್ಕು ಜನಕ್ಕೆ ಹೇಳಿ ಸುಮ್ಮನಾಗುತ್ತಿದ್ದೆ. ನಿಜವಾದ ತಪ್ಪು ಮಾಡಿದ್ದು ಆಮೇಲೆ.

ಡಾಕ್ಟರ್ ರೋಗದ ಹೆಸರು ಹೇಳುವಾಗ ನ್ಯಾನಿ ಹೊರಗೆ ಮಗಳ ಜೊತೆ ಕೂತಿದ್ದರು. ಹೊರಗೆ ಬಂದು "ವೈರಲ್ ಅಂತೆ, ಈ ವಾರ ನೀವು ಬರೋದು ಬೇಡ, ನಾನೇ ರಜೆ ಹಾಕ್ತೀನಿ" ಅಂದೆ. ಮುಜುಗರ ಆಗಿತ್ತು. ಔಷಧಿಯ ಗೊಂದಲ ಆದ ಮೇಲೆ ಅವರ ಮುಖ ನೋಡೋಕೂ ಆಗುತ್ತಿರಲಿಲ್ಲ, ಇದನ್ನೂ ಹೇಳಿ ಗಾಬರಿ ಯಾಕೆ ಅಂತ ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಮುಂದಿನ ಸೋಮವಾರ "ನಾಳೆಯಿಂದ ಬರಲಾ?" ಅಂತ ಅವರೇ ಫೋನ್ ಮಾಡಿದಾಗ ಹೇಳಿದೆ. ಆಗಲೇ ಏಳು ದಿನ ಆಗಿತ್ತು.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನನಗೆ ಚಿಕ್ಕವಳಿದ್ದಾಗ ಅದು ಬಂದಿಲ್ಲ ಮೇಡಂ. ತಂಗಿ ನನ್ನ ಜೊತೆಗೇ ಇದ್ದಾಳೆ, ಅವಳೀಗ ನಾಲ್ಕು ತಿಂಗಳ ಬಸುರಿ."

ಆ ರಾತ್ರಿ ನಾನು ಓದಿ, ಬೆಳಿಗ್ಗೆ ಡಾಕ್ಟರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೀನಿ. ಗುಳ್ಳೆ ಕಾಣಿಸುವ ಒಂದೆರಡು ದಿನ ಮೊದಲೇ ಚಿಕನ್‌ಪಾಕ್ಸ್ ಬೇರೆಯವರಿಗೆ ಹರಡೋಕೆ ಶುರುವಾಗಿರುತ್ತದೆ. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೂ ಹರಡುತ್ತದೆ. ಅಂಟಿದವರಿಗೆ ಅದು ಗೊತ್ತಾಗೋದು 10ರಿಂದ 21 ದಿನಗಳ ನಡುವೆ. ದೊಡ್ಡವರಿಗೆ ಬಂದರೆ ಮಕ್ಕಳಿಗಿಂತ ಜೋರಾಗಿ ಬರುತ್ತದೆ, ನ್ಯುಮೋನಿಯಾ ಆಗುವ ಭಯ ಇರುತ್ತದೆ. ಬಸುರಿಗೆ ಬಂದರೆ ಅವಳಿಗೂ ಕಷ್ಟ, ಮೊದಲ 20 ವಾರದೊಳಗೆ ಆದರೆ ಹೊಟ್ಟೆಯಲ್ಲಿರುವ ಮಗುವಿಗೂ ತೊಂದರೆ ಆಗುವ ಸಾಧ್ಯತೆ ಇದೆ, ಕಮ್ಮಿಯಾದರೂ ಇದೆ. ಮತ್ತೆ ಇದು: ರೋಗಿಯ ಸಂಪರ್ಕಕ್ಕೆ ಬಂದ ಮೂರು ದಿನದೊಳಗೆ, ತಡ ಅಂದರೆ ಐದು ದಿನದೊಳಗೆ, ಲಸಿಕೆ ಹಾಕಿಸಿಕೊಂಡರೆ ರೋಗ ಬರದೇ ಇರಬಹುದು, ಬಂದರೂ ಹಗುರವಾಗಿ ಹೋಗಬಹುದು. ಬಸುರಿಯರಿಗೆ ಆ ಲಸಿಕೆ ಕೊಡಲ್ಲ, ಅವರಿಗೆ ಬೇರೆ ದಾರಿ ಇದೆ, ಅದಕ್ಕೂ ಬೇಗ ಡಾಕ್ಟರ ಹತ್ತಿರ ಹೋಗಬೇಕು.

ಐದು ದಿನ. ನಾನು ಹೇಳಿದ್ದು ಏಳನೇ ದಿನ.

ಹದಿನೈದನೇ ದಿನ ಅವರಿಗೆ ಜ್ವರ ಬಂತು. ಎರಡು ವಾರ ಮಲಗಿದರು. ಬಾಯೊಳಗೂ ಗುಳ್ಳೆ, ನೀರು ನುಂಗೋಕೂ ಆಗುತ್ತಿರಲಿಲ್ಲ ಅಂತ ಅವರ ಗಂಡ ಹೇಳಿದರು. ತಂಗಿಯ ರಕ್ತ ಪರೀಕ್ಷೆ ಮಾಡಿಸಿದರು. ಪುಣ್ಯ, ಅವಳಿಗೆ ಯಾವಾಗಲೋ ಬಂದು ಹೋಗಿತ್ತು, ರಕ್ತದಲ್ಲಿ ಅದರ ಗುರುತು ಇತ್ತು. ರಿಪೋರ್ಟ್ ಬರುವವರೆಗೆ ಆ ಮನೆಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ನನಗೂ ಇರಲಿಲ್ಲ ಅಂತ ಹೇಳಿಕೊಳ್ಳೋಕೆ ನಾಚಿಕೆ.

ಸಂಬಳ ಪೂರ್ತಿ ಕೊಟ್ಟೆ, ಆಸ್ಪತ್ರೆ ಖರ್ಚು ಕೊಟ್ಟೆ. ಅವರು ತೆಗೆದುಕೊಂಡರು. ಹುಷಾರಾಗಿ ಬಂದು ತಿಂಗಳ ಕೊನೆವರೆಗೆ ಕೆಲಸ ಮಾಡಿ ಬಿಟ್ಟರು. ಹೋಗುವಾಗ ಜಗಳ ಆಡಲಿಲ್ಲ. "ಕಾಯಿಲೆ ಮಗುನ ನೋಡ್ಕೊಳಲ್ಲ ಅಂತ ನಾನು ಯಾವತ್ತೂ ಅಂದಿಲ್ಲ ಮೇಡಂ. ನೀವು ಕೇಳಲೇ ಇಲ್ಲ" ಅಂದರು.

ಕಾಯಿಲೆ ಬಿದ್ದ ಮಗುವನ್ನು ನ್ಯಾನಿ ನೋಡಿಕೊಳ್ಳಬೇಕಾ ಬೇಡವಾ ಅಂತ ಗೆಳತಿಯರ ನಡುವೆ ಆಗಾಗ ವಾದ ಆಗುತ್ತದೆ. ಡೇಕೇರ್‌ನವರು ಜ್ವರ ಅಂದರೆ ವಾಪಸ್ ಕಳಿಸುತ್ತಾರೆ, ಅದಕ್ಕೇ ಅಲ್ವಾ ನಾವು ಜಾಸ್ತಿ ಕೊಟ್ಟು ನ್ಯಾನಿ ಇಟ್ಟುಕೊಳ್ಳೋದು ಅಂತ ಒಬ್ಬರು. ಅದರಲ್ಲೂ ನ್ಯಾಯ ಇದೆ. ನೆಗಡಿ, ಸಣ್ಣ ಕೆಮ್ಮು, ಡಾಕ್ಟರ್ ನೋಡಿ ಇಂಥದ್ದು ಅಂತ ಹೇಳಿದ ಮೇಲಿನ ಸಾಮಾನ್ಯ ಜ್ವರ, ಇದನ್ನೆಲ್ಲ ಒಪ್ಪಿ ಬಂದ ನ್ಯಾನಿ ಚೆನ್ನಾಗೇ ನೋಡಿಕೊಳ್ಳುತ್ತಾರೆ. ನನಗಿಂತ ಅವರಿಗೇ ತಾಳ್ಮೆ ಜಾಸ್ತಿ ಇತ್ತು. ಆದರೆ ಏನು ಅಂತಲೇ ಗೊತ್ತಿಲ್ಲದ ಜ್ವರದ ಮೊದಲ ದಿನ ಅವರ ತಲೆಗೆ ಕಟ್ಟಿ ಹೋಗೋದು ನನ್ನ ಪ್ರಕಾರ ತಪ್ಪು. ಅವತ್ತು ಅಪ್ಪ ಅಮ್ಮನಲ್ಲಿ ಒಬ್ಬರು ಮನೆಯಲ್ಲಿರಬೇಕು. ವಾಂತಿ ಭೇದಿ ಇದ್ದರೂ ಅಷ್ಟೇ, ನಿಂತು 48 ಗಂಟೆ ಆಗುವವರೆಗೆ ನಾನು ಯಾರನ್ನೂ ಕರೆಯಲ್ಲ. ಹೊಟ್ಟೆಯ ಕೆಲವು ವೈರಸ್‌ಗೆ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡಲ್ಲ, ಸೋಪು ನೀರೇ ಬೇಕು. ಇಂಥದ್ದನ್ನು ನಾವು ಹೇಳಿಕೊಡದೆ ಅವರಿಗೆ ಗೊತ್ತಿರಬೇಕು ಅಂದುಕೊಳ್ಳೋದೂ ಸರಿಯಲ್ಲ.

ಇನ್ನೊಂದು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಕೆಲವು ಮಕ್ಕಳಿಗೆ ಜ್ವರದಲ್ಲಿ ಫಿಟ್ಸ್ ಬರುತ್ತದೆ. ಆಗ ಮಗುವನ್ನು ಪಕ್ಕಕ್ಕೆ ತಿರುಗಿಸಿ ಮಲಗಿಸಬೇಕು, ಬಾಯಿಗೆ ಏನೂ ತುರುಕಬಾರದು, ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ಕಾಯದೆ ಆಸ್ಪತ್ರೆಗೆ. ಅವತ್ತು ಹಾಗೇನಾದರೂ ಆಗಿದ್ದರೆ ಅವರ ಕೈಯಲ್ಲಿ ಇದ್ದದ್ದು ಒಂದು ಹಳದಿ ಚೀಟಿ, ಸೈಲೆಂಟಲ್ಲಿದ್ದ ಒಂದು ಫೋನ್ ನಂಬರ್.

ಈಗ ಫ್ರಿಜ್ಜಿನ ಮೇಲೆ ಒಂದು ನೋಟ್‌ಬುಕ್ ನೇತಾಡುತ್ತಿದೆ. ಯಾರು ಔಷಧಿ ಕೊಟ್ಟರೂ ಟೈಮು, ಬಾಟಲಿಯ ಅಂಕಿ, ಎಷ್ಟು ಎಂ.ಎಲ್. ಅಂತ ಬರೆಯಬೇಕು, ನಾನು ಕೊಟ್ಟರೂ. ಮಗಳ ಬಾಟಲಿಗೆ ಕೆಂಪು ಟೇಪ್ ಸುತ್ತಿ ಮೇಲಿನ ಕಪಾಟಿಗೆ ಹಾಕಿದ್ದೀನಿ. ಡಾಕ್ಟರ್ ನಂಬರ್ ಜೊತೆ ಇನ್ನೂ ಮೂರು ಜನರ ನಂಬರ್ ಇದೆ.

ಹೊಸ ನ್ಯಾನಿ ಹುಡುಕಿ ಮಾತಾಡುವಾಗ ಸಂಬಳ, ಸಮಯ ಎಲ್ಲ ಆದ ಮೇಲೆ "ನಿಮಗೆ ಚಿಕನ್‌ಪಾಕ್ಸ್ ಬಂದು ಹೋಗಿದೆಯಾ? ಮನೆಯಲ್ಲಿ ಯಾರಾದರೂ ಬಸುರಿ, ಚಿಕ್ಕ ಕೂಸು ಇದೆಯಾ?" ಅಂತ ಕೇಳಿದೆ. ಅವರು ನಕ್ಕರು.

"ಕೆಲಸಕ್ಕೆ ಇದನ್ನೂ ಕೇಳ್ತಾರಾ?"

"ಕೇಳ್ತೀನಿ" ಅಂದೆ. ನಾಲ್ಕನೇ ಕ್ಲಾಸಲ್ಲಿದ್ದಾಗ ಬಂದಿತ್ತಂತೆ. ಹಣೆ ಮೇಲಿನ ಕೂದಲು ಸರಿಸಿ, ಹುಬ್ಬಿನ ಹತ್ತಿರ ಉಳಿದಿದ್ದ ಸಣ್ಣ ಗುಳಿ ತೋರಿಸಿದರು.