ಗೋಡೆಗೆ ಹೊದಿಸಲು ಕ್ವಾರ್ಟ್ಜೈಟೋ, ಮರಳುಗಲ್ಲೋ?

ಮಳೆ ನೇರ ಹೊಡೆಯುವ ಹೊರಗೋಡೆಯಾದರೆ ಕ್ವಾರ್ಟ್ಜೈಟ್. ಮರಳುಗಲ್ಲೇ ಭೂಗರ್ಭದ ಶಾಖ, ಒತ್ತಡಕ್ಕೆ ಸಿಕ್ಕಿ ಗಟ್ಟಿಯಾದ ಕಲ್ಲಿದು. ನೀರು ಹೀರುವುದು ಕಡಿಮೆ. ಮರಳುಗಲ್ಲು ಚೆನ್ನಾಗಿ ಹೀರುತ್ತದೆ. ಮಲೆನಾಡು, ಕರಾವಳಿಯಲ್ಲಿ ಆಗಾಗ ಸೀಲರ್ (ನೀರು ಒಳಗಿಳಿಯದಂತೆ ತಡೆಯುವ ಲೇಪ) ಬಳಿಯದಿದ್ದರೆ ಪಾಚಿ ಕಟ್ಟುತ್ತದೆ.

ಖರ್ಚಿನ ಲೆಕ್ಕ ಬೇರೆ. ಕ್ವಾರ್ಟ್ಜೈಟ್ ಕೊಯ್ದರೆ ಡೈಮಂಡ್ ಬ್ಲೇಡ್ ಬೇಗ ಸವೆಯುತ್ತದೆ, ಕೂಲಿಯೂ ಏರುತ್ತದೆ. ಕಿಟಕಿ, ಸ್ವಿಚ್‌ಬೋರ್ಡ್ ಸುತ್ತ ಕತ್ತರಿಸುವುದು ಜಾಸ್ತಿಯಿದ್ದರೆ, ಕೆತ್ತನೆ ಬೇಕಿದ್ದರೆ ಒಳಗೋಡೆಗೆ ಮರಳುಗಲ್ಲೇ ಸಲೀಸು. (ಒಲೆಯ ಹಿಂದೆ ಮಾತ್ರ ಬೇಡ, ಎಣ್ಣೆ ಇಳಿದರೆ ಕಲೆ ಹೋಗುವುದು ಕಷ್ಟ.)

20 ಮಿ.ಮೀ. ದಪ್ಪದ ಕ್ವಾರ್ಟ್ಜೈಟ್ ಚದರಡಿಗೆ ಸುಮಾರು 5 ಕೆ.ಜಿ. ತೂಗುತ್ತದೆ, ಮರಳುಗಲ್ಲು ತುಸು ಹಗುರ. ಕ್ವಾರ್ಟ್ಜೈಟ್ ನೀರು ಹೆಚ್ಚು ಹೀರದ ಕಾರಣ ಅದರ ಹಿಂಬದಿಗೆ ಬರೀ ಸಿಮೆಂಟ್ ಗಾರೆ ಸರಿಯಾಗಿ ಕಚ್ಚದೆ ಕಲ್ಲು ಉದುರಬಹುದು. ಪಾಲಿಮರ್ ಬೆರೆತ ಅಂಟು ಬಳಸಿ. ಎತ್ತರದ ಗೋಡೆಗೆ ಸ್ಟೇನ್‌ಲೆಸ್ ಸ್ಟೀಲ್ ಕ್ಲಾಂಪ್ ಕೂಡ ಬೇಕು. ತುಕ್ಕುಬಣ್ಣದ ಗೆರೆಯಿರುವ ಚಪ್ಪಡಿಯಲ್ಲಿ ಕಬ್ಬಿಣದಂಶವಿರುತ್ತದೆ, ಮಳೆಗೆ ಕಲೆ ಇಳಿಯಬಹುದು. ಅವನ್ನು ಒಳಗೋಡೆಗೆ ಆರಿಸಿಡಿ.